ಮನೆಯಲ್ಲಿ ವೈನ್ ಮಾಡುವವರಿಗೆ ಪಿಎಚ್ ಮೀಟರ್: ಕ್ಯಾಲಿಬ್ರೇಶನ್, ಶುಚಿ, ಸಂಗ್ರಹ

ಪಿಎಚ್ ಮೀಟರ್ ಕೆಟ್ಟುಹೋಯಿತು ಎಂದು ದೂರುವವರ ಕೈಯಲ್ಲಿ ಸಾಮಾನ್ಯವಾಗಿ ಮೀಟರ್ ಚೆನ್ನಾಗಿಯೇ ಇರುತ್ತದೆ. ಸತ್ತಿರುವುದು ಅದರ ತುದಿಯ ಎಲೆಕ್ಟ್ರೋಡ್. ಪರದೆ, ಗುಂಡಿ, ಸರ್ಕ್ಯೂಟುಗಳೆಲ್ಲ ವರ್ಷಗಟ್ಟಲೆ ಬಾಳುತ್ತವೆ. ಎಲೆಕ್ಟ್ರೋಡ್ ಸವೆಯುವ ವಸ್ತು, ಚೆನ್ನಾಗಿ ನೋಡಿಕೊಂಡರೂ ಸಾಮಾನ್ಯವಾಗಿ ಒಂದೆರಡು ವರ್ಷ ಬಾಳುವಂಥದ್ದು. ಒಣಗಲು ಬಿಟ್ಟರೆ, ಇಲ್ಲವೇ ಡಿಸ್ಟಿಲ್ಡ್ ನೀರಿನಲ್ಲಿ ಮುಳುಗಿಸಿಟ್ಟರೆ, ಒಂದೇ ಹಂಗಾಮಿನಲ್ಲಿ ಮುಗಿಯುತ್ತದೆ. ಈ ಬರಹದ ಬಹುಪಾಲು ಆ ಎರಡು ಅನಾಹುತಗಳನ್ನು ತಪ್ಪಿಸುವುದರ ಬಗ್ಗೆಯೇ ಇದೆ.

ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದರೆ, ಲೆಕ್ಕ ನೋಡಿ. ವೈನನ್ನು ಕೆಡದಂತೆ ಕಾಯುವುದು ಅದರಲ್ಲಿರುವ ಅಣುರೂಪದ, ಅಂದರೆ ಅಯಾನಾಗಿ ಒಡೆಯದ ಸಲ್ಫರ್ ಡೈಆಕ್ಸೈಡ್. ಲೀಟರಿಗೆ 0.8 ಮಿಲಿಗ್ರಾಂ ಅಣುರೂಪದ್ದು ಸಿಗಬೇಕಾದರೆ ಪಿಎಚ್ 3.2ರಲ್ಲಿ ಸುಮಾರು 20 ಮಿಲಿಗ್ರಾಂ ಮುಕ್ತ (ವೈನಿನ ಬೇರೆ ಅಂಶಗಳೊಂದಿಗೆ ಬೆಸೆದುಕೊಳ್ಳದ) ಸಲ್ಫರ್ ಡೈಆಕ್ಸೈಡ್ ಸಾಕು. 3.4ರಲ್ಲಿ 32 ಬೇಕು, 3.6ರಲ್ಲಿ 50. ನಿಜವಾದ ಪಿಎಚ್ 3.6 ಇದ್ದು ಮೀಟರ್ 3.4 ತೋರಿಸಿದರೆ, ನೀವು ಹಾಕುವ ಸಲ್ಫೈಟ್ (ಸಲ್ಫರ್ ಡೈಆಕ್ಸೈಡ್ ಕೊಡುವ ಲವಣ) ಬೇಕಾದ್ದಕ್ಕಿಂತ ಮೂರನೇ ಒಂದು ಪಾಲನ್ನೂ ಮೀರಿ ಕಡಿಮೆ ಬೀಳುತ್ತದೆ. ಅದರ ಫಲ ಕೆಲವು ತಿಂಗಳ ನಂತರ ಬಾಟಲಿ ತೆರೆದಾಗಷ್ಟೇ ಗೊತ್ತಾಗುತ್ತದೆ.

ಎಲೆಕ್ಟ್ರೋಡ್ ಒಳಗೆ ಏನು ನಡೆಯುತ್ತದೆ

ತುದಿಯಲ್ಲಿರುವ ತೆಳುಗಾಜಿನ ಬಲ್ಬು ಮುಖ್ಯ ಅಂಗ. ಗಾಜಿನ ಮೇಲ್ಮೈ ನೀರು ಹೀರಿಕೊಂಡು ಅತಿ ತೆಳುವಾದ ಲೋಳೆಯಂಥ ಪದರವಾಗುತ್ತದೆ. ಹೈಡ್ರೋಜನ್ ಅಯಾನುಗಳಿಗೆ ಸ್ಪಂದಿಸುವುದು ಈ ಪದರ. ಅದು ಒಣಗಿದರೆ ಓದು (ಮೀಟರ್ ತೋರಿಸುವ ಅಂಕಿ) ನಿಧಾನವಾಗುತ್ತದೆ, ಅಲೆದಾಡುತ್ತದೆ.

ಎರಡನೆಯ ಅಂಗ ರೆಫರೆನ್ಸ್. ಸಿಲ್ವರ್ ಕ್ಲೋರೈಡ್ ಲೇಪಿಸಿದ ಬೆಳ್ಳಿ ತಂತಿ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲೋ ಜೆಲ್‌ನಲ್ಲೋ ಮುಳುಗಿರುತ್ತದೆ. ಈ ದ್ರಾವಣ ಹೊರಗಿನ ವೈನಿನೊಂದಿಗೆ ಸಂಪರ್ಕಕ್ಕೆ ಬರುವುದು ಜಂಕ್ಷನ್ ಎಂಬ ಸಣ್ಣ ಸರಂಧ್ರ ಕಿಂಡಿಯ ಮೂಲಕ. ಅದು ಪಿಂಗಾಣಿಯ ಚುಕ್ಕಿಯಾಗಿರಬಹುದು, ಬಟ್ಟೆಯ ಬತ್ತಿಯಾಗಿರಬಹುದು, ಬಲ್ಬಿನ ಸುತ್ತಲಿನ ಬಿಳಿ ಉಂಗುರವೂ ಆಗಿರಬಹುದು. ವೈನ್ ಕೆಲಸದಲ್ಲಿ ಹೆಚ್ಚಾಗಿ ಕೈಕೊಡುವುದು ಈ ಜಂಕ್ಷನ್ನೇ. ಪ್ರೋಟೀನು, ಟ್ಯಾನಿನ್ನು, ಟಾರ್ಟ್ರೇಟ್ ಹರಳು, ಯೀಸ್ಟು ಎಲ್ಲವೂ ಇಲ್ಲಿ ಸಿಕ್ಕಿಕೊಳ್ಳುತ್ತವೆ. ಹುದುಗುವಾಗ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯೊಂದಿಗೆ ಸೇರಿ ಕಪ್ಪು ಸಿಲ್ವರ್ ಸಲ್ಫೈಡ್ ಆಗಿ ಕಿಂಡಿಯನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಎಲೆಕ್ಟ್ರೋಡ್ ಕೊಳ್ಳುವಾಗ ಡಬಲ್ ಜಂಕ್ಷನ್ ಇರುವುದನ್ನೇ ಕೇಳಿ. ಅದರಲ್ಲಿ ಬೆಳ್ಳಿ ಇರುವ ಕೋಣೆಗೂ ವೈನಿಗೂ ನಡುವೆ ಇನ್ನೊಂದು ಕೋಣೆ ಇರುತ್ತದೆ.

ಅಂದಹಾಗೆ, ಅಮೆರಿಕದ ರಸಾಯನವಿಜ್ಞಾನಿ ಆರ್ನಾಲ್ಡ್ ಬೆಕ್‌ಮನ್ 1934ರಲ್ಲಿ ತಮ್ಮ ಆಸಿಡ್ ಮೀಟರನ್ನು ರೂಪಿಸಿದ್ದು ಕ್ಯಾಲಿಫೋರ್ನಿಯಾದ ನಿಂಬೆರಸದ ಹುಳಿ ಅಳೆಯಲು. ಆ ರಸದಲ್ಲಿದ್ದ ಸಲ್ಫರ್ ಡೈಆಕ್ಸೈಡ್ ಅಂದಿನ ಬೇರೆ ವಿಧಾನಗಳನ್ನು ಹಾಳುಗೆಡವುತ್ತಿತ್ತು. ಸಲ್ಫೈಟ್ ಬೆರೆತ ಹಣ್ಣಿನ ರಸವೇ ಈ ಉಪಕರಣದ ಹುಟ್ಟಿಗೆ ಕಾರಣ.

ಬೇಕಾದ ಸಾಮಾನು

ಮೀಟರ್ 0.01ರವರೆಗೆ ತೋರಿಸಬೇಕು, ನಿಖರತೆ ±0.02 ಇದ್ದರೆ ಒಳ್ಳೆಯದು, ±0.05 ಆದರೂ ಸಾಗುತ್ತದೆ. ±0.1ರ ಅಗ್ಗದ ಪೆನ್ನುಗಳಿಂದ ವೈನಿಗೆ ಪ್ರಯೋಜನವಿಲ್ಲ. ಎಲೆಕ್ಟ್ರೋಡ್ ಬದಲಿಸಲು ಬರುವ ಮಾದರಿಯನ್ನೇ ಆರಿಸಿ. ಮಿಲಿವೋಲ್ಟ್ ಅಥವಾ ಸ್ಲೋಪ್ (ಪಿಎಚ್ ಬದಲಾದಾಗ ಎಲೆಕ್ಟ್ರೋಡ್ ಎಷ್ಟು ಸ್ಪಂದಿಸುತ್ತದೆ ಎಂಬ ಶೇಕಡಾ ಲೆಕ್ಕ) ತೋರಿಸುವ ಮೀಟರಾದರೆ ಮುಂದೆ ರೋಗ ಪತ್ತೆ ಸುಲಭ.

ಇದರ ಜೊತೆಗೆ ಪಿಎಚ್ 4.01 ಮತ್ತು 7.00ರ ಬಫರ್ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ), ಟೈಟ್ರೇಶನ್ (ಕ್ಷಾರ ಹನಿಸಿ ಒಟ್ಟು ಹುಳಿ ಅಳೆಯುವುದು) ಮಾಡುವುದಿದ್ದರೆ 10.01ರದ್ದು, ಎಲೆಕ್ಟ್ರೋಡ್ ಮುಳುಗಿಸಿಡುವ ಶೇಖರಣಾ ದ್ರಾವಣ, ಡಿಸ್ಟಿಲ್ಡ್ ನೀರಿನ ಪಿಚಕಾರಿ ಬಾಟಲಿ, ನೂಲು ಬಿಡದ ಮೆತ್ತನೆಯ ಟಿಶ್ಯೂ, 50 ಮಿ.ಲೀ. ಬೀಕರುಗಳು ಬೇಕು.

ಬಫರನ್ನು ದೊಡ್ಡ ಬಾಟಲಿಯಲ್ಲಿ ತರುವುದಕ್ಕಿಂತ ಒಂದೊಂದು ಸಲಕ್ಕೆ ಆಗುವ 20 ಮಿ.ಲೀ. ಪೊಟ್ಟಣ ಉತ್ತಮ. ತೆರೆದ ಬಾಟಲಿಯ 4 ಮತ್ತು 7 ಕೆಲವು ತಿಂಗಳು ತಡೆಯುತ್ತವೆ, ಆದರೆ 10ರದ್ದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ ಬೇಗ ಇಳಿಯುತ್ತದೆ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯಿರಿ. ಎಲೆಕ್ಟ್ರೋಡ್ ಅದ್ದಿದ ಬಫರನ್ನು ಮತ್ತೆ ಬಾಟಲಿಗೆ ಸುರಿಯಬೇಡಿ. ಬಾಟಲಿಯೊಳಗೇ ಎಲೆಕ್ಟ್ರೋಡ್ ಅದ್ದುವುದಂತೂ ಕೂಡದು.

ಶೇಖರಣಾ ದ್ರಾವಣ ಮಾಡುವುದು

ಸಿದ್ಧವಾಗಿ ಸಿಗುವುದನ್ನು ಕೊಳ್ಳುವುದೇ ಸುಲಭ. ಮನೆಯಲ್ಲಿ ಮಾಡುವುದಾದರೆ ಬೇಕಾದದ್ದು 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್. ಪ್ರಯೋಗಾಲಯ ದರ್ಜೆಯ ಪೊಟ್ಯಾಸಿಯಂ ಕ್ಲೋರೈಡ್ 22.4 ಗ್ರಾಂ ತೂಗಿ, ಸುಮಾರು 70 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಹಾಕಿ ಕಲಕಿ. ಕರಗುವಾಗ ನೀರು ತಣ್ಣಗಾಗುತ್ತದೆ, ಗಾಬರಿ ಬೇಡ. ಕೋಣೆಯ ಉಷ್ಣತೆಗೆ ಮರಳಿದ ಮೇಲೆ ಒಟ್ಟು 100 ಮಿ.ಲೀ. ಆಗುವಷ್ಟು ನೀರು ಸೇರಿಸಿ. 100 ಮಿ.ಲೀ. ನೀರಿಗೆ 22.4 ಗ್ರಾಂ ಹಾಕುವುದು ಬೇರೆ, ಕೊನೆಯ ಪ್ರಮಾಣ 100 ಮಿ.ಲೀ. ಆಗುವುದು ಬೇರೆ. ಅಡುಗೆ ಉಪ್ಪನ್ನಾಗಲಿ, ಸೋಡಿಯಂ ಕಡಿಮೆ ಇರುವ ಉಪ್ಪೆಂದು ಮಾರುವುದನ್ನಾಗಲಿ ಬಳಸಬೇಡಿ. ಮೊದಲನೆಯದು ಬೇರೆಯೇ ಲವಣ, ಎರಡನೆಯದರಲ್ಲಿ ಉಪ್ಪು ಗಂಟುಕಟ್ಟದಿರಲು ಬೆರೆಸಿದ ಪುಡಿಗಳೂ ಇರುತ್ತವೆ.

ದ್ರಾವಣ ಸಿಗದ ದಿನ ಪಿಎಚ್ 4 ಬಫರಿನಲ್ಲಿ ಇಟ್ಟರೆ ತಾತ್ಕಾಲಿಕವಾಗಿ ನಡೆಯುತ್ತದೆ. ಅದೂ ಇಲ್ಲದಿದ್ದರೆ ನಲ್ಲಿ ನೀರಾದರೂ ಡಿಸ್ಟಿಲ್ಡ್ ನೀರಿಗಿಂತ ವಾಸಿ. ಶುದ್ಧ ನೀರು ಗಾಜಿನ ಪದರದಿಂದ ಅಯಾನುಗಳನ್ನು ಸೆಳೆಯುತ್ತದೆ, ಜಂಕ್ಷನ್ ಮೂಲಕ ಒಳಗಿನ ಪೊಟ್ಯಾಸಿಯಂ ಕ್ಲೋರೈಡನ್ನೂ ಹೊರಗೆಳೆದು ತೆಳುಮಾಡುತ್ತದೆ. ಆರ್‌ಒ ನೀರಿಗೂ ಇದೇ ಮಾತು. ಅದರಿಂದ ಐದು ಸೆಕೆಂಡು ತೊಳೆದರೆ ತೊಂದರೆಯಿಲ್ಲ, ರಾತ್ರಿಯಿಡೀ ಮುಳುಗಿಸಿಡುವುದೇ ತಪ್ಪು.

ಕ್ಯಾಲಿಬ್ರೇಶನ್

ವೈನಿನ ಪಿಎಚ್ ಹೆಚ್ಚಾಗಿ 3ರಿಂದ 4ರ ನಡುವೆ ಇರುತ್ತದೆ. ಹಾಗಾಗಿ ಮೀಟರನ್ನು ಬಫರಿಗೆ ಹೊಂದಿಸಲು 7 ಮತ್ತು 4, ಈ ಎರಡು ಬಿಂದು ಸಾಕು. ಅಳೆಯುವ ಪ್ರತಿ ದಿನವೂ ಮಾಡಬೇಕು. ವಾರದ ಹಿಂದೆ ಮಾಡಿದ್ದು ಇಂದಿಗೆ ನಡೆಯುತ್ತದೆಂದು ನಂಬಬೇಡಿ.

1. ಎಲೆಕ್ಟ್ರೋಡನ್ನು ಶೇಖರಣಾ ದ್ರಾವಣದಿಂದ ತೆಗೆಯಿರಿ. ಮುಚ್ಚಳದ ಸುತ್ತ ಬಿಳಿ ಹರಳು ಕಟ್ಟಿದ್ದರೆ ಅದು ಒಣಗಿದ ಪೊಟ್ಯಾಸಿಯಂ ಕ್ಲೋರೈಡ್ ಅಷ್ಟೇ, ನೀರಿನಿಂದ ತೊಳೆದರೆ ಹೋಗುತ್ತದೆ.
2. ದ್ರಾವಣ ತುಂಬಿಸುವ ಮಾದರಿಯಾದರೆ ಮೇಲಿನ ರಂಧ್ರದ ಬಿರಡೆ ತೆಗೆಯಿರಿ. ಒಳಗಿನ ಮಟ್ಟ ರಂಧ್ರಕ್ಕಿಂತ ಒಂದೆರಡು ಸೆಂಟಿಮೀಟರ್ ಕೆಳಗಿರಲಿ, ಅದಕ್ಕಿಂತ ಇಳಿದಿದ್ದರೆ ತಯಾರಕರು ಹೇಳಿದ ದ್ರಾವಣವನ್ನೇ ತುಂಬಿಸಿ. ಬಿರಡೆ ಮುಚ್ಚಿದ್ದರೆ ದ್ರಾವಣ ಜಂಕ್ಷನ್‌ನಿಂದ ಹೊರಬರುವುದಿಲ್ಲ, ಓದು ಅಲೆಯುತ್ತದೆ.
3. ಬಲ್ಬಿನೊಳಗೆ ಗಾಳಿಗುಳ್ಳೆ ಕಂಡರೆ, ಜ್ವರ ನೋಡುವ ಪಾದರಸದ ಕೊಳವೆಯನ್ನು ಕೊಡಹುವಂತೆ ಮೆಲ್ಲಗೆ ಕೊಡಹಿ.
4. ಡಿಸ್ಟಿಲ್ಡ್ ನೀರಿನಿಂದ ತೊಳೆದು, ಟಿಶ್ಯೂವಿನಿಂದ ಹನಿಯನ್ನು ಒತ್ತಿ ತೆಗೆಯಿರಿ. ಉಜ್ಜಬಾರದು. ಉಜ್ಜಿದರೆ ಸ್ಥಿರ ವಿದ್ಯುತ್ ಹುಟ್ಟಿ ಓದು ಹಾರಾಡುತ್ತದೆ, ಗಾಜೂ ಗೀರುತ್ತದೆ.
5. 7ರ ಬಫರಿನಲ್ಲಿ ಬಲ್ಬು ಮತ್ತು ಜಂಕ್ಷನ್ ಎರಡೂ ಮುಳುಗುವಂತೆ ಅದ್ದಿ, ಒಂದೆರಡು ಸಲ ಅಲ್ಲಾಡಿಸಿ, ಅಂಕಿ ನಿಂತ ಮೇಲೆ ಒಪ್ಪಿಸಿ. ತೊಳೆದು 4ರಲ್ಲಿ ಇದನ್ನೇ ಮಾಡಿ. ಕೆಲವು ಮೀಟರುಗಳು ಬೇರೆ ಕ್ರಮ ಕೇಳುತ್ತವೆ, ಅಲ್ಲಿ ಕೈಪಿಡಿ ಹೇಳಿದ್ದೇ ಸರಿ.

ಮೀಟರಿನಲ್ಲಿ ಮಿಲಿವೋಲ್ಟ್ ಕಾಣುವುದಾದರೆ ಎರಡೂ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಿ. ಎಲೆಕ್ಟ್ರೋಡಿನ ಆರೋಗ್ಯ ಗೊತ್ತಾಗುವುದೇ ಇದರಿಂದ. ಆದರ್ಶ ಎಲೆಕ್ಟ್ರೋಡ್ 7ರಲ್ಲಿ 0 ಮಿಲಿವೋಲ್ಟ್ ಕೊಡುತ್ತದೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರತಿ ಪಿಎಚ್ ಘಟಕಕ್ಕೆ 59.16 ಮಿಲಿವೋಲ್ಟ್ ಬದಲಾಗುತ್ತದೆ. 7.00ರಿಂದ 4.01ಕ್ಕೆ ಅಂತರ 2.99, ಅಂದರೆ 176.9 ಮಿಲಿವೋಲ್ಟ್. ನಿಮ್ಮದು 7ರಲ್ಲಿ −8, 4ರಲ್ಲಿ +163 ತೋರಿಸಿತೆನ್ನಿ. ವ್ಯತ್ಯಾಸ 171. ಅದನ್ನು 176.9ರಿಂದ ಭಾಗಿಸಿದರೆ ಸ್ಲೋಪ್ 96.7 ಶೇಕಡಾ.

ಸ್ಲೋಪ್ 95ಕ್ಕಿಂತ ಮೇಲಿದ್ದರೆ ನಿಶ್ಚಿಂತೆ. 90ರ ಆಸುಪಾಸಿಗೆ ಇಳಿದರೆ ತೊಳೆಯುವ ಕಾಲ ಬಂತು. ತೊಳೆದ ಮೇಲೂ 85 ದಾಟದಿದ್ದರೆ ಬಿಸಾಡಿ. 7ರ ಬಫರಿನಲ್ಲಿ 0ಯಿಂದ 30 ಮಿಲಿವೋಲ್ಟ್ ಆಚೀಚೆ ಇರುವುದು ಸಹಜ, ಅದನ್ನು ಮೀರಿದರೆ ರೆಫರೆನ್ಸ್ ಅಥವಾ ಜಂಕ್ಷನ್ ಮೇಲೆ ಅನುಮಾನ ಪಡಿ. ಒಟ್ಟಾರೆ ಹೇಳುವುದಾದರೆ ಸ್ಲೋಪ್ ಕುಸಿದರೆ ದೋಷ ಗಾಜಿನದ್ದು, ಶೂನ್ಯಬಿಂದು ಸರಿದರೆ ದೋಷ ರೆಫರೆನ್ಸಿನದ್ದು. ಎರಡೂ ಒಟ್ಟಿಗೆ ಕೆಟ್ಟಿದ್ದರೆ ಎಲೆಕ್ಟ್ರೋಡನ್ನು ದೂರುವ ಮೊದಲು ಹೊಸ ಬಫರಿನಲ್ಲಿ ಒಮ್ಮೆ ನೋಡಿ.

ವೈನ್ ಮಾಡುವವರಿಗೆ ಮೂರನೆಯ, ಬಲು ಅಗ್ಗದ ಪರೀಕ್ಷೆಯೊಂದಿದೆ: ಕ್ರೀಮ್ ಆಫ್ ಟಾರ್ಟರ್. ಇದು ಪೊಟ್ಯಾಸಿಯಂ ಬೈಟಾರ್ಟ್ರೇಟ್. ಅದರ ಪರ್ಯಾಪ್ತ ದ್ರಾವಣದ ಪಿಎಚ್ 25 ಡಿಗ್ರಿಯಲ್ಲಿ 3.56, ಸರಿಯಾಗಿ ವೈನಿನ ವ್ಯಾಪ್ತಿಯ ನಡುವೆಯೇ ಬೀಳುತ್ತದೆ. 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಸುಮಾರು 2 ಗ್ರಾಂ ಶುದ್ಧ ಪುಡಿ ಹಾಕಿ ಕೆಲವು ನಿಮಿಷ ಚೆನ್ನಾಗಿ ಕುಲುಕಿ. ಎಲ್ಲ ಕರಗುವುದಿಲ್ಲ, ಕರಗಲೂಬಾರದು. ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯಲ್ಲಿ ಅಳೆಯಿರಿ. 4 ಮತ್ತು 7ರಲ್ಲಿ ಕ್ಯಾಲಿಬ್ರೇಟ್ ಆದ ಮೀಟರ್ 3.54ರಿಂದ 3.58ರೊಳಗೆ ತೋರಿಸಿದರೆ ನಿಮ್ಮ ಬಫರು, ಎಲೆಕ್ಟ್ರೋಡು ಎರಡೂ ಸರಿ ಇವೆ. ಈ ದ್ರಾವಣಕ್ಕೆ ಬೇಗ ಬೂಸ್ಟು ಬರುತ್ತದೆ, ಆಯಾ ದಿನಕ್ಕೆ ಹೊಸದಾಗಿ ಮಾಡಿಕೊಳ್ಳಿ.

ಉಷ್ಣತೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. ಮೀಟರಿನ ಸ್ವಯಂಚಾಲಿತ ಉಷ್ಣತಾ ಸರಿದೂಗಿಕೆ ಎಲೆಕ್ಟ್ರೋಡಿನ ಸ್ಲೋಪನ್ನು ಮಾತ್ರ ಸರಿಪಡಿಸುತ್ತದೆ. ತಣ್ಣಗಿನ ವೈನಿನ ನಿಜವಾದ ಪಿಎಚ್ ಬೆಚ್ಚಗಿನದಕ್ಕಿಂತ ಬೇರೆಯಿದ್ದರೆ ಆ ವ್ಯತ್ಯಾಸ ಹಾಗೆಯೇ ಉಳಿಯುತ್ತದೆ. ಸರಿದೂಗಿಕೆ ಇಲ್ಲದ ಮೀಟರಿನಲ್ಲಿ ಬಫರಿಗೂ ವೈನಿಗೂ 10 ಡಿಗ್ರಿ ಅಂತರವಿದ್ದರೆ ಪಿಎಚ್ 4ರ ಬಳಿ ಸುಮಾರು 0.1 ತಪ್ಪು ಬರುತ್ತದೆ. ಬಫರು, ವೈನು, ಎಲೆಕ್ಟ್ರೋಡು ಮೂರನ್ನೂ ಅರ್ಧ ಗಂಟೆ ಒಂದೇ ಮೇಜಿನ ಮೇಲಿಟ್ಟರೆ ಎರಡೂ ತಕರಾರು ತೀರುತ್ತವೆ.

ಅಳೆಯುವಾಗ

ಎಲೆಕ್ಟ್ರೋಡನ್ನು ಹುದುಗುಪಾತ್ರೆಯೊಳಗೆ ಇಳಿಸಬೇಡಿ. ಗಾಜು ಒಡೆಯಬಹುದು, ಜಂಕ್ಷನ್‌ನಿಂದ ಲವಣವೂ ಸ್ವಲ್ಪ ಬೆಳ್ಳಿಯೂ ಹೊರಬರುತ್ತವೆ. 40–50 ಮಿ.ಲೀ. ಮಾದರಿ ತೆಗೆದು ಬೀಕರಿನಲ್ಲಿ ಅಳೆಯಿರಿ, ಆಮೇಲೆ ಅದನ್ನು ಚೆಲ್ಲಿ. ಸಿಪ್ಪೆ, ತಿರುಳು ಇರುವ ರಸವನ್ನು ಮೊದಲು ಸೋಸಿ.

ಹುದುಗುತ್ತಿರುವ ರಸದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ವೈನಿನ ಪಿಎಚ್‌ನಲ್ಲಿ ಅದರಿಂದ ಅಂಕಿ ಹೆಚ್ಚೇನೂ ಬದಲಾಗದು, ಆದರೆ ಗುಳ್ಳೆಗಳು ಬಲ್ಬಿಗೆ ಅಂಟಿ ಓದು ನಿಲ್ಲುವುದಿಲ್ಲ. ಎರಡು ಲೋಟಗಳ ನಡುವೆ ಹತ್ತಾರು ಸಲ ಸುರಿದು ಗಾಳಿ ಬಿಡಿಸಿ. ಒಟ್ಟು ಆಮ್ಲತೆಯ ಟೈಟ್ರೇಶನ್‌ಗಾದರೆ ಅನಿಲ ನಿಜವಾಗಿಯೂ ಹುಳಿಯಾಗಿ ಲೆಕ್ಕಕ್ಕೆ ಸೇರಿಬಿಡುತ್ತದೆ. ಅಲ್ಲಿ ಮಾದರಿಯನ್ನು ಬಿಸಿಮಾಡಿ ಅನಿಲ ಓಡಿಸಿ, ಆರಿದ ಮೇಲೆ ಅಳೆಯಿರಿ.

ಟೈಟ್ರೇಶನ್ ಮುಗಿಯುವ ಬಿಂದು ಅಮೆರಿಕದ ಪದ್ಧತಿಯಲ್ಲಿ ಪಿಎಚ್ 8.2, ಅಂತರರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಸ್ಥೆಯ ಪದ್ಧತಿಯಲ್ಲಿ 7.0. 8.2 ಬಳಸುವವರು ಆ ದಿನ 10ರ ಬಫರಿನಲ್ಲೂ ಕ್ಯಾಲಿಬ್ರೇಟ್ ಮಾಡಿಕೊಳ್ಳಬೇಕು.

ಒಂದು ಮಾದರಿ ಮುಗಿದ ತಕ್ಷಣ ತೊಳೆಯಿರಿ. ಸಿಹಿ ರಸ ಬಲ್ಬಿನ ಮೇಲೆ ಒಣಗಿದರೆ ಐದು ನಿಮಿಷದ ಸೋಮಾರಿತನಕ್ಕೆ ಅರ್ಧ ಗಂಟೆ ಶುಚಿಗೊಳಿಸುವ ಕೆಲಸ ತೆರಬೇಕಾಗುತ್ತದೆ.

ಶುಚಿ: ಕೊಳೆ ಯಾವುದು, ಮದ್ದು ಯಾವುದು

ಕಾಲಕ್ಕೊಮ್ಮೆ ತೊಳೆಯಲೇಬೇಕೆಂದಿಲ್ಲ. ಸ್ಲೋಪ್ ಇಳಿದಾಗ, ಓದು ನಿಲ್ಲಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದಾಗ, ಬಲ್ಬಿನ ಮೇಲೆ ಪೊರೆ ಕಂಡಾಗ ತೊಳೆಯಿರಿ. ಹಂಗಾಮಿನ ಭರಾಟೆಯಲ್ಲಿ ವಾರಕ್ಕೊಮ್ಮೆ ಆಗಬಹುದು. ಮೊದಲು ಸೌಮ್ಯವಾದದ್ದು, ಅದಕ್ಕೆ ಜಗ್ಗದಿದ್ದರೆ ಮುಂದಿನದು.

ಎಲ್ಲಕ್ಕೂ ಮೊದಲು ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಹತ್ತು ನಿಮಿಷ ಮುಳುಗಿಸಿ. ಜಿಡ್ಡು, ಬೆರಳಿನ ಎಣ್ಣೆ, ಸಕ್ಕರೆಯ ಅಂಟು ಇದರಲ್ಲೇ ಹೋಗುತ್ತವೆ. ಹಟಮಾರಿ ಎಣ್ಣೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒಂದು ನಿಮಿಷ. ಅಸಿಟೋನ್ ಮುಟ್ಟಿಸಬೇಡಿ, ಪ್ಲಾಸ್ಟಿಕ್ ಕವಚ ಕರಗುತ್ತದೆ.

ಟಾರ್ಟ್ರೇಟ್ ಹರಳು ಮತ್ತು ಕೆಂಪು ವೈನಿನ ಬಣ್ಣ ಕ್ಷಾರಕ್ಕೆ ಬಗ್ಗುತ್ತವೆ. ಟೈಟ್ರೇಶನ್‌ಗೆಂದು ತಂದ 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಇದ್ದರೆ ಅದರಲ್ಲಿ ಒಂದೆರಡು ನಿಮಿಷ ಇಟ್ಟು, ತೊಳೆದು, ಅಷ್ಟೇ ಹೊತ್ತು 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿಟ್ಟು ಮತ್ತೆ ತೊಳೆಯಿರಿ. ಕೈಗವಸು, ಕನ್ನಡಕ ಮರೆಯಬೇಡಿ.

ಯೀಸ್ಟು ಮತ್ತು ಪ್ರೋಟೀನಿನ ಪೊರೆಗೆ ಪೆಪ್ಸಿನ್ ಒಳ್ಳೆಯ ಮದ್ದು: 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ 100 ಮಿ.ಲೀ.ಗೆ 1 ಗ್ರಾಂ ಪೆಪ್ಸಿನ್, ಅರ್ಧ ಗಂಟೆ ನೆನೆಸಿ. ಪೆಪ್ಸಿನ್ ಸಿಗದವರು ಬಟ್ಟೆಗೆ ಹಾಕುವ ಬ್ಲೀಚನ್ನು ಹತ್ತರಷ್ಟು ನೀರಿನಲ್ಲಿ ತೆಳು ಮಾಡಿ ಐದು ನಿಮಿಷ ಇಡುವುದುಂಟು. ಎಚ್ಚರಿಕೆ ಒಂದೇ: ಬ್ಲೀಚಿಗೂ ಆಮ್ಲಕ್ಕೂ ಯಾವ ಕಾರಣಕ್ಕೂ ಸಂಪರ್ಕ ಬರಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಎರಡನ್ನೂ ಒಂದೇ ದಿನ ಬಳಸದಿರುವುದು ಲೇಸು.

ಬಲ್ಬು ಸ್ವಚ್ಛವಾಗಿದ್ದೂ ಓದು ಅಲೆದಾಡಿದರೆ ಜಂಕ್ಷನ್ ಕಟ್ಟಿದೆ. ಶೇಖರಣಾ ದ್ರಾವಣವನ್ನು 50–60 ಡಿಗ್ರಿಗೆ ಬಿಸಿಮಾಡಿ, ಎಲೆಕ್ಟ್ರೋಡನ್ನು ಅದರಲ್ಲಿ ಹತ್ತು ನಿಮಿಷ ಇಟ್ಟು, ಅಲ್ಲೇ ತಣ್ಣಗಾಗಲು ಬಿಡಿ. ನಿಮ್ಮ ಎಲೆಕ್ಟ್ರೋಡ್ ಅಷ್ಟು ಬಿಸಿ ತಾಳುತ್ತದೆಯೇ ಎಂದು ಕೈಪಿಡಿಯಲ್ಲಿ ಮೊದಲೇ ನೋಡಿಕೊಳ್ಳಿ. ಜಂಕ್ಷನ್ ಕಪ್ಪಾಗಿದ್ದರೆ ಅದು ಸಿಲ್ವರ್ ಸಲ್ಫೈಡ್. ಆಮ್ಲದಲ್ಲಿ ಕರಗಿಸಿದ ಥಯೋಯೂರಿಯಾ ಅದನ್ನು ತೆಗೆಯುತ್ತದೆ, ಆದರೆ ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವ ಆ ರಾಸಾಯನಿಕವನ್ನು ಅಡುಗೆಮನೆಗೆ ತರುವುದಕ್ಕಿಂತ ಹೊಸ ಎಲೆಕ್ಟ್ರೋಡ್ ಕೊಳ್ಳುವುದು ಜಾಣತನ.

ಯಾವ ಮದ್ದು ಬಳಸಿದರೂ ಕೊನೆಯ ಹೆಜ್ಜೆ ಒಂದೇ. ಚೆನ್ನಾಗಿ ತೊಳೆದು, ಕನಿಷ್ಠ ಒಂದು ಗಂಟೆ ಶೇಖರಣಾ ದ್ರಾವಣದಲ್ಲಿ ವಿಶ್ರಾಂತಿ ಕೊಟ್ಟು, ಹೊಸದಾಗಿ ಕ್ಯಾಲಿಬ್ರೇಟ್ ಮಾಡಿ. ಮರಳುಕಾಗದ, ಬ್ರಷ್, ಪಾತ್ರೆ ಉಜ್ಜುವ ನಾರು ಗಾಜಿನ ಹತ್ತಿರ ಸುಳಿಯಬಾರದು.

ಎತ್ತಿಡುವುದು

ದಿನದ ಕೆಲಸ ಮುಗಿದಾಗ ಎಲೆಕ್ಟ್ರೋಡನ್ನು ತೊಳೆದು, ಮುಚ್ಚಳಕ್ಕೆ ಬಲ್ಬು ಮತ್ತು ಜಂಕ್ಷನ್ ಮುಳುಗುವಷ್ಟು ಶೇಖರಣಾ ದ್ರಾವಣ ಹಾಕಿ ಮುಚ್ಚಿ. ಪೆನ್ ಮಾದರಿಯ ಮುಚ್ಚಳದಲ್ಲಿ ಸ್ಪಂಜು ಇದ್ದರೆ ಅದು ತೊಯ್ದಿರಬೇಕು. ಮೀಟರನ್ನು ಬಲ್ಬು ಕೆಳಗಾಗಿ ನೇರ ನಿಲ್ಲಿಸಿಡಿ. ಮಲಗಿಸಿದರೆ ಒಳಗಿನ ಗಾಳಿ ಬಲ್ಬಿಗೆ ಸೇರಬಹುದು, ಮುಚ್ಚಳವೂ ಸೋರುತ್ತದೆ. ತುಂಬಿಸುವ ರಂಧ್ರದ ಬಿರಡೆಯನ್ನು ಈಗ ಮುಚ್ಚಬೇಕು.

ಹಂಗಾಮು ಮುಗಿದು ತಿಂಗಳುಗಟ್ಟಲೆ ಎತ್ತಿಡುವಾಗ:

- ಮೇಲೆ ಹೇಳಿದಂತೆ ಪೂರ್ತಿ ಶುಚಿ ಮಾಡಿ, ಕೊನೆಯ ಸ್ಲೋಪ್ ಮತ್ತು ದಿನಾಂಕ ಬರೆದಿಡಿ.
- ಮುಚ್ಚಳವನ್ನು ತೊಳೆದು ಹೊಸ ದ್ರಾವಣ ತುಂಬಿ. ಮುಚ್ಚಳದ ಅಂಚಿಗೆ ಪ್ಯಾರಾಫಿನ್ ಪಟ್ಟಿ ಸುತ್ತಿದರೆ ಆವಿಯಾಗುವುದು ನಿಧಾನವಾಗುತ್ತದೆ.
- ಬ್ಯಾಟರಿ ಹೊರತೆಗೆಯಿರಿ. ಸೋರಿದ ಬ್ಯಾಟರಿ ಒಳ್ಳೆಯ ಮೀಟರನ್ನೂ ಕೊಲ್ಲುತ್ತದೆ.
- ಕೇಬಲ್ ಇರುವ ಮಾದರಿಯಲ್ಲಿ ಬಿಎನ್‌ಸಿ ಕನೆಕ್ಟರನ್ನು (ಕೇಬಲನ್ನು ಮೀಟರಿಗೆ ಸಿಕ್ಕಿಸುವ ದುಂಡನೆಯ ತುದಿ) ಒಣಗಿಸಿ ಟೋಪಿ ಹಾಕಿ. ಗಾಜಿನ ರೋಧ ಬಹಳ ಹೆಚ್ಚು, ಕನೆಕ್ಟರಿನ ಮೇಲಿನ ತೇವ ಅಥವಾ ಬೆರಳಿನ ಗುರುತು ಕೂಡ ಸಂಕೇತವನ್ನು ಸೋರಿಸುತ್ತದೆ.
- ಬಿಸಿಲು ಬೀಳದ, ಹಿಮಗಟ್ಟದ ಜಾಗದಲ್ಲಿಡಿ. ಒಳಗಿನ ದ್ರಾವಣ ಗಟ್ಟಿಯಾದರೆ ಗಾಜು ಬಿರಿಯುತ್ತದೆ.
- ತಿಂಗಳಿಗೊಮ್ಮೆ ಮುಚ್ಚಳ ನೋಡಿ, ಇಳಿದಿದ್ದರೆ ದ್ರಾವಣ ಸೇರಿಸಿ. ಇದೊಂದನ್ನು ಮರೆತರೆ ಉಳಿದೆಲ್ಲ ವ್ಯರ್ಥ.

ಮರೆತು ಒಣಗಿಹೋದ ಎಲೆಕ್ಟ್ರೋಡನ್ನು ಕೂಡಲೇ ಬಿಸಾಡಬೇಡಿ. ಬೆಚ್ಚಗಿನ ನೀರಿನಲ್ಲಿ ಹರಳುಗಳನ್ನು ಕರಗಿಸಿ, 24 ಗಂಟೆ ಶೇಖರಣಾ ದ್ರಾವಣದಲ್ಲಿ ನೆನೆಸಿ, ಸ್ಲೋಪ್ ನೋಡಿ. ದ್ರಾವಣ ತುಂಬಿಸುವ ಮಾದರಿಗಳು ಹೆಚ್ಚಾಗಿ ಚೇತರಿಸಿಕೊಳ್ಳುತ್ತವೆ. ಜೆಲ್ ಒಣಗಿ ಕುಗ್ಗಿದ್ದರೆ ಆಸೆ ಕಡಿಮೆ.

ದೋಷ ಎಲ್ಲಿದೆ ಎಂದು ಹಿಡಿಯುವುದು

ಯಾವ ದ್ರವದಲ್ಲಿಟ್ಟರೂ 7ರ ಆಸುಪಾಸಿನ ಒಂದೇ ಅಂಕಿ ಬಂದರೆ ಬಲ್ಬು ಬಿರುಕು ಬಿಟ್ಟಿದೆ. ಕಣ್ಣಿಗೆ ಕಾಣದ ಬಿರುಕೂ ಸಾಕು. ಇದಕ್ಕೆ ಮದ್ದಿಲ್ಲ.

ಬಫರಿನಲ್ಲಿ ಸರಿ, ವೈನಿನಲ್ಲಿ ಮಾತ್ರ ಅಲೆದಾಟ ಎಂದಾದರೆ ಜಂಕ್ಷನ್ ಅಥವಾ ಗುಳ್ಳೆ ಕಾರಣ. ಮೀಟರ್ 4ರ ಬಫರನ್ನು ಗುರುತಿಸಲೇ ನಿರಾಕರಿಸಿದರೆ ಮೊದಲು ಬಫರ್ ಬದಲಿಸಿ, ಆಮೇಲೆ ಎಲೆಕ್ಟ್ರೋಡ್ ತೊಳೆಯಿರಿ. ಕೈ ಹತ್ತಿರ ತಂದಾಗ ಅಂಕಿ ಕುಣಿದರೆ ಕೇಬಲ್ ಅಥವಾ ಕನೆಕ್ಟರ್ ನೋಡಿ.

ತಪ್ಪು ಮೀಟರಿನದ್ದೋ ಎಲೆಕ್ಟ್ರೋಡಿನದ್ದೋ ಎಂಬುದು ಬಿಎನ್‌ಸಿ ಮಾದರಿಯಲ್ಲಿ ಒಂದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಎಲೆಕ್ಟ್ರೋಡ್ ಕಳಚಿ, ಮೀಟರಿನ ಸಾಕೆಟ್ಟಿನ ನಡುಗಂಬಿಯನ್ನೂ ಹೊರ ಉಂಗುರವನ್ನೂ ಒಂದು ತಂತಿಯ ತುಣುಕಿನಿಂದ ಜೋಡಿಸಿ. ಮೀಟರ್ 0 ಮಿಲಿವೋಲ್ಟಿನ ಬಳಿ ಸ್ಥಿರವಾಗಿ ನಿಂತರೆ ಬಹುಮಟ್ಟಿಗೆ ಅದು ಆರೋಗ್ಯವಾಗಿದೆ, ಎಲೆಕ್ಟ್ರೋಡ್ ಬದಲಿಸಿ. ಅಲೆದಾಡಿದರೆ ದೋಷ ಮೀಟರಿನಲ್ಲೇ ಇದೆ.

ಹೊಸ ಎಲೆಕ್ಟ್ರೋಡನ್ನು ಬೇಕಾದಾಗಲೇ ಕೊಳ್ಳಿ. ಪೆಟ್ಟಿಗೆಯಲ್ಲಿದ್ದರೂ ಅದಕ್ಕೆ ವಯಸ್ಸಾಗುತ್ತದೆ, ಆದ್ದರಿಂದ ಎರಡು ವರ್ಷಕ್ಕೆಂದು ತಂದಿಡುವುದರಲ್ಲಿ ಲಾಭವಿಲ್ಲ. ತಯಾರಾದ ತಿಂಗಳು ಮುದ್ರಿಸಿದ್ದರೆ ಓದಿ, ಹಣ್ಣು ಕೈಸೇರುವ ಎರಡು ಮೂರು ವಾರ ಮೊದಲು ತರಿಸಿ, ಶೇಖರಣಾ ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿ, ಮೊದಲ ದಿನದ ಮಿಲಿವೋಲ್ಟ್ ಬರೆದಿಟ್ಟುಕೊಳ್ಳಿ.